ಕಪ್ಪು ಬಿಳಿ ಪಟ್ಟೆಯ ಅಂಗಿ

ನಮ್ಮ ಹಾಸ್ಟೆಲಿನ ಟೀವಿ ಕಪ್ಪು ಬಿಳುಪಿನದು. ಮಳೆಗಾಳಿಗೆ ಆಂಟೆನಾ ತಿರುಗಿದಾಗಲೆಲ್ಲ ಒಬ್ಬ ಹುಡುಗ ಹೊರಗೆ ಹೋಗಿ ಅದರ ಕಂಬ ಹಿಡಿದು ನಿಲ್ಲಬೇಕಿತ್ತು. 1990ರ ಜೂನ್ 16ರ ರಾತ್ರಿ ಎಂಟೂವರೆಗೆ ಆಟ, ಊಟದ ಗಂಟೆಯೂ ಎಂಟೂವರೆಗೇ. ಗಂಜಿಯ ಬಟ್ಟಲು ಹಿಡಿದುಕೊಂಡೇ ಎಲ್ಲರೂ ಟೀವಿಯ ಮುಂದೆ ಸೇರಿದೆವು. ಫುಟ್‌ಬಾಲ್ ವಿಶ್ವಕಪ್ಪು, ಇಟಲಿಯ ಟುರಿನ್‌ನಲ್ಲಿ ಬ್ರೆಜಿಲ್ ಮತ್ತು ಕೋಸ್ಟಾರಿಕಾ. ಬ್ರೆಜಿಲ್‌ನ ಹಳದಿ ಅಂಗಿ ನಮ್ಮ ಪರದೆಯಲ್ಲಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಎದುರಿನವರದು ಮಾತ್ರ ಕಪ್ಪು ಬಿಳಿ ಪಟ್ಟೆ. "ನೋಡಿ, ಅದರ ನಿಜವಾದ ಬಣ್ಣವೇ ಅದು" ಎಂದರು ಪಿ.ಟಿ. ಮಾಸ್ಟರು. ಆ ವಿಶ್ವಕಪ್ಪಿನಲ್ಲಿ ನಮ್ಮ ಟೀವಿಗೆ ಮೋಸ ಮಾಡದ ತಂಡವೆಂದರೆ ಅದೊಂದೇ ಎಂದು ನಾವು ಬಹಳ ದಿನ ಹೇಳಿಕೊಂಡು ನಗುತ್ತಿದ್ದೆವು.

ಕೋಸ್ಟಾರಿಕಾದ ತರಬೇತುದಾರ ಬೋರಾ ಮಿಲುಟಿನೋವಿಚ್ ಅವರ ಹೆಸರು ನನ್ನ ಕಿವಿಗೆ ಬಿದ್ದದ್ದು ಅಂದೇ. ಟುರಿನ್ ಎಂದರೆ ಯುವೆಂಟಸ್ ಕ್ಲಬ್ಬಿನ ಊರು, ಆ ಕ್ಲಬ್ಬಿನ ಅಂಗಿಯೂ ಕಪ್ಪು ಬಿಳಿ ಪಟ್ಟೆಯದೇ. ಊರಿನವರ ಕೂಗು ತಮ್ಮ ಕಡೆಗಿರಲಿ ಎಂದೇ ಬೋರಾ ಆ ಅಂಗಿ ತೊಡಿಸಿದ್ದು ಎನ್ನುವವರಿದ್ದಾರೆ. ಅಲ್ಲ, ಅದು ಕೋಸ್ಟಾರಿಕಾದ ಹಳೆಯ ಕ್ಲಬ್ಬೊಂದಕ್ಕೆ ಸಲ್ಲಿಸಿದ ಗೌರವ ಎನ್ನುವವರೂ ಇದ್ದಾರೆ. ಮನುಷ್ಯನ ಉಳಿದ ಕಥೆಯನ್ನು ಓದಿಕೊಂಡ ಮೇಲೆ ನನಗೆ ಮೊದಲನೆಯದೇ ನಿಜವಿರಬೇಕು ಅನ್ನಿಸುತ್ತದೆ.

ಬೋರಾ ಹುಟ್ಟಿದ್ದು 1944ರಲ್ಲಿ, ಸರ್ಬಿಯಾದಲ್ಲಿ. ಫ್ರಾನ್ಸ್, ಸ್ವಿಟ್ಜರ್ಲೆಂಡ್‌ಗಳಲ್ಲಿ ಆಡಿ ಕೊನೆಗೆ ಮೆಕ್ಸಿಕೊ ಸೇರಿದರು, ಅಲ್ಲೇ ತರಬೇತುದಾರರಾದರು. 1986ರಲ್ಲಿ ಅವರ ಮೆಕ್ಸಿಕೊ ಕ್ವಾರ್ಟರ್ ಫೈನಲ್ ತಲುಪಿ, ಪಶ್ಚಿಮ ಜರ್ಮನಿಗೆ ಪೆನಾಲ್ಟಿಗಳಲ್ಲಿ ಸೋತಿತು. 1990ರಲ್ಲಿ ವಿಶ್ವಕಪ್ಪಿಗೆ ಕೆಲವೇ ವಾರಗಳಿರುವಾಗ ಕೋಸ್ಟಾರಿಕಾ ಅವರನ್ನು ಕರೆಸಿಕೊಂಡಿತು. ಮೊದಲ ಸಲ ವಿಶ್ವಕಪ್ಪಿಗೆ ಬಂದ ಆ ಪುಟ್ಟ ದೇಶ ಸ್ಕಾಟ್ಲೆಂಡನ್ನು 1-0ಯಿಂದ ಸೋಲಿಸಿಯೇ ಟುರಿನ್‌ಗೆ ಬಂದಿತ್ತು.

ಆ ರಾತ್ರಿ ಬ್ರೆಜಿಲ್ ಗೆದ್ದಿತು. ಗೋಲು ಒಂದೇ. ಕೋಸ್ಟಾರಿಕಾದ ಗೋಲಿ ಕೊನೆಹೊ ಚೆಂಡು ತಡೆದಾಗಲೆಲ್ಲ ಹೊರಗೆ ಕಂಬ ಹಿಡಿದವನು "ಏನಾಯಿತು, ಏನಾಯಿತು" ಎಂದು ಕೂಗುತ್ತಿದ್ದ. ಸೋತರಲ್ಲ ಎಂದು ನಾವು ಮುಖ ಸಪ್ಪೆ ಮಾಡಿಕೊಂಡರೆ ಸರ್ ಖುಷಿಯಲ್ಲಿದ್ದರು. "ಒಂದೇ ಗೋಲಿನಲ್ಲಿ ಸೋತಿದ್ದಾರೆ, ಇನ್ನೂ ಒಂದು ಆಟ ಇದೆಯಲ್ಲ" ಎಂದರು. ನಾಲ್ಕು ದಿನ ಬಿಟ್ಟು ಅದೇ ತಂಡ ಸ್ವೀಡನ್ ಎದುರು ಒಂದು ಗೋಲು ಹಿಂದಿದ್ದು, ಕೊನೆಯ ಕಾಲು ಗಂಟೆಯಲ್ಲಿ ಎರಡು ಹೊಡೆದು ಮುಂದಿನ ಸುತ್ತಿಗೆ ಹೋಯಿತು.

ಆಮೇಲೆ ನಮಗೆಲ್ಲ ಹುಚ್ಚು ಹಿಡಿಯಿತು. ಬೆಂಚುಗಳಿಗೆ ನಂಬರು ಬರೆಯುವ ಕಪ್ಪು ಬಣ್ಣದ ಡಬ್ಬಿ ತಂದು, ಹನ್ನೊಂದು ಬಿಳಿ ಅಂಗಿಗಳ ಮೇಲೆ ಸ್ಕೇಲಿಟ್ಟು ಪಟ್ಟೆ ಎಳೆದೆವು. ಒಣಗಿದ ಅಂಗಿಗಳು ಹಪ್ಪಳದಂತೆ ಸೆಟೆದುಕೊಂಡು ನಿಂತವು. ಜುಲೈನಲ್ಲಿ ಪಕ್ಕದ ಊರಿನ ಶಾಲೆಯ ಮೇಲೆ ಆಟ, ಕೆಸರು ಗದ್ದೆಯಂಥ ಮೈದಾನ. ನಾಲ್ಕು ಗೋಲಿನಿಂದ ಸೋತೆವು. ನಾನು ಹನ್ನೆರಡನೆಯವನು, ನನ್ನ ಅಂಗಿಗೆ ಪಟ್ಟೆಯೂ ಇರಲಿಲ್ಲ. ಬೆಂಚಿನಲ್ಲಿ ಕುಳಿತು ಬೂಟಿನ ಲೇಸು ಬಿಚ್ಚುವುದು, ಕಟ್ಟುವುದು, ಇಷ್ಟೇ ನನ್ನ ಆಟ. ಸರ್ ಮಾತ್ರ ಅಷ್ಟೂ ಹೊತ್ತು ನನ್ನ ಪಕ್ಕದಲ್ಲೇ ಕುಳಿತು, ಎಡಗಡೆಯವನು ಯಾಕೆ ಮುಂದೆ ಹೋಗಬಾರದಿತ್ತು, ಗೋಲಿ ಯಾಕೆ ಹಿಂದೆಯೇ ಉಳಿದ ಎಂದು ಒಂದೊಂದಾಗಿ ತೋರಿಸುತ್ತಿದ್ದರು. ಆಡಿದ ಹನ್ನೊಂದು ಜನರಿಗೆ ಅಂದು ಸಿಕ್ಕಿದ್ದು ಬೈಗುಳ ಮಾತ್ರ. ಫುಟ್‌ಬಾಲ್ ನೋಡಲು ನಾನು ಕಲಿತದ್ದು ಆ ಬೆಂಚಿನಲ್ಲಿ.

ಬ್ಯಾಂಕಿನ ಕೆಲಸ ಸಿಕ್ಕಿ ಊರೂರು ತಿರುಗುವಾಗ ಬೋರಾ ಎಲ್ಲಿದ್ದಾರೆ ಎಂದು ಪತ್ರಿಕೆಯಲ್ಲಿ ಹುಡುಕುವುದು ಅಭ್ಯಾಸವಾಯಿತು. ನನಗೆ ಮೂರು ವರ್ಷಕ್ಕೊಮ್ಮೆ ವರ್ಗವಾದರೆ ಅವರಿಗೆ ಇನ್ನೂ ಬೇಗ. 1994ರಲ್ಲಿ ಅಮೆರಿಕದ ತಂಡ ಅವರ ಕೈಯಲ್ಲಿತ್ತು. ಕೊಲಂಬಿಯಾವನ್ನು 2-1ರಿಂದ ಸೋಲಿಸಿತು, ಎರಡನೆಯ ಸುತ್ತಿನಲ್ಲಿ ಮತ್ತೆ ಬ್ರೆಜಿಲ್, ಮತ್ತೆ 0-1. ಕೊಲಂಬಿಯಾದ ಆಟದಲ್ಲಿ ತಪ್ಪಿ ತನ್ನದೇ ಗೋಲಿಗೆ ಚೆಂಡು ಹೊಡೆದ ಆಂಡ್ರೆಸ್ ಎಸ್ಕೊಬಾರ್ ಅವರನ್ನು ಹತ್ತು ದಿನಗಳಲ್ಲಿ ಮೆಡೆಲಿನ್‌ನಲ್ಲಿ ಗುಂಡಿಟ್ಟು ಕೊಂದರು. ಆ ಗೆಲುವನ್ನು ಹಾಗಾಗಿ ಯಾರೂ ಸಂತೋಷದಿಂದ ನೆನೆಯುವುದಿಲ್ಲ. ಮುಂದೆ ಬೋರಾ ಮೆಕ್ಸಿಕೊವನ್ನು 1998ರ ವಿಶ್ವಕಪ್ಪಿಗೆ ದಾಟಿಸಿದರು. ದಾಟಿಸಿದ ಮೇಲೆ ಅವರನ್ನೇ ತೆಗೆದುಹಾಕಿದರು! ಅವರು ನೈಜೀರಿಯಾದ ತಂಡದೊಂದಿಗೆ ಫ್ರಾನ್ಸಿಗೆ ಹೋಗಿ ಸ್ಪೇನನ್ನು 3-2ರಿಂದ ಸೋಲಿಸಿದರು. ಈ ಕಟಿಂಗನ್ನು ಸರ್‌ಗೆ ಅಂಚೆಯಲ್ಲಿ ಕಳಿಸಿದ್ದೆ.

2002ರಲ್ಲಿ ಚೀನಾ. ಆ ದೇಶ ಮೊದಲ ಬಾರಿಗೆ, ಈವರೆಗೆ ಒಂದೇ ಬಾರಿಗೆ, ಪುರುಷರ ವಿಶ್ವಕಪ್ಪಿಗೆ ಬಂದದ್ದು ಬೋರಾ ಕಾಲದಲ್ಲಿ. ಐದು ವಿಶ್ವಕಪ್ಪುಗಳು, ಐದು ದೇಶಗಳು. ಮೊದಲ ಆಟ ಜೂನ್ 4ರಂದು ದಕ್ಷಿಣ ಕೊರಿಯಾದ ಗ್ವಾಂಗ್‌ಜುವಿನಲ್ಲಿ, ಎದುರಾಳಿ ಅದೇ ಕೋಸ್ಟಾರಿಕಾ! ನಮ್ಮಲ್ಲಿ ಆಗ ನಡುಮಧ್ಯಾಹ್ನ, ನಾನು ಕ್ಯಾಶ್ ಕೌಂಟರಿನಲ್ಲಿ. ಚೀನಾ 0-2ರಿಂದ ಸೋತಿತೆಂದು ತಿಳಿದದ್ದು ಸಂಜೆ. ಕೋಸ್ಟಾರಿಕಾದ ತರಬೇತುದಾರ ಅಲೆಕ್ಸಾಂದ್ರೆ ಗಿಮಾರೈಸ್. 1990ರಲ್ಲಿ ಬೋರಾ ಅವರ ತಂಡದಲ್ಲಿದ್ದ ಆಟಗಾರ. ಚೀನಾ ಆ ವಿಶ್ವಕಪ್ಪಿನಲ್ಲಿ ಒಂದೂ ಗೋಲು ಹೊಡೆಯಲಿಲ್ಲ. ರಾತ್ರಿ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ. "ಸರ್, ಶಿಷ್ಯನೇ ಸೋಲಿಸಿಬಿಟ್ಟ" ಎಂದರೆ ಅವರು "ಮತ್ತೆ ಯಾರು ಸೋಲಿಸಬೇಕಿತ್ತು?" ಎಂದು ಗದರಿದರು.

ಬೋರಾ ಆಮೇಲೆ ಹೊಂಡುರಾಸ್, ಜಮೈಕಾ, ಇರಾಕ್ ಎಂದು ಅಲೆದರು. ಗಿಮಾರೈಸ್ ಮಾತ್ರ, ನಂಬುತ್ತೀರೋ ಇಲ್ಲವೋ, ನಮ್ಮ ಕಡೆಗೇ ಬಂದರು. 2016ರಲ್ಲಿ ಮುಂಬೈ ಸಿಟಿ ತಂಡಕ್ಕೆ ಅವರು ತರಬೇತುದಾರರು. ಆಗ ನನಗೆ ಮುಂಬೈಗೆ ವರ್ಗವಾಗಿತ್ತು. ಅಂಧೇರಿಯ ಮೈದಾನಕ್ಕೆ ಹೋದೆ. ಸುತ್ತಲಿನವರೆಲ್ಲ ಉರುಗ್ವೆಯ ಫೋರ್ಲಾನ್ ಹೆಸರು ಕೂಗುತ್ತಿದ್ದರು. ನಾನು ಗೆರೆಯ ಬದಿಯಲ್ಲಿ ನಿಂತ ಗಿಮಾರೈಸ್ ಅವರ ಒಂದು ಫೋಟೊ ತೆಗೆದು, ವಾಟ್ಸ್ಆ್ಯಪ್ ಕಲಿತಿದ್ದ ಸರ್‌ಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: "ಅವರ ಹಿಂದೆ ಬೆಂಚಿನಲ್ಲಿ ಯಾರಿದ್ದಾರೆ ನೋಡು."

ನೋಡಿದೆ. ತುದಿಯಲ್ಲಿ ಕುಳಿತ ಹುಡುಗನೊಬ್ಬ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟುತ್ತಿದ್ದ.