ಹಾಳೆ ಮೇಲೆ ಕೆಮ್ಮಣ್ಣು

ದಸರಾ ರಜೆಗೆ ಮಗನಿಗೆ ಶಾಲೆಯಿಂದ ಹೋಂವರ್ಕ್: ಉದುರಿದ ಕೆಂಪು, ಹಳದಿ ಎಲೆ ಆರಿಸಿ, ಬಣ್ಣ ಹಚ್ಚಿ 'ಆಟಮ್' (ಎಲೆ ಉದುರುವ ಕಾಲ) ಚಿತ್ರ ಮಾಡಿಕೊಂಡು ಬರಬೇಕು. ಒಂದನೇ ಕ್ಲಾಸು! ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ತವರಿಗೆ ಬಂದು ನೋಡಿದರೆ ಗುಡ್ಡವೆಲ್ಲ ಹಸಿರು, ಗದ್ದೆಯಲ್ಲಿ ಭತ್ತ ಹೊಡೆ ತುಂಬಿ, ತೆನೆಯನ್ನು ಇನ್ನೂ ಒಡಲಲ್ಲೇ ಇಟ್ಟುಕೊಂಡು ನಿಂತಿದೆ. ನಮ್ಮ ಸಾಗುವಾನಿ ಎಲೆ ಉದುರಿಸೋದು ಚಳಿ ಕಳೆಯುವ ಹೊತ್ತಿಗೆ. ಅಕ್ಟೋಬರಲ್ಲಿ ಕೆಂಪೆಲೆ ಎಲ್ಲಿಂದ ತರಲಿ?

"ಎಲೆ ಬಿಡೇ, ಬುಟ್ಟಿ ಚಿತ್ತಾರ ಬರೀಲಿ" ಅಂದಳು ಅವ್ವ.

ಭೂಮಿ ಹುಣ್ಣಿಮೆಗೆ ಐದೇ ದಿನ ಇತ್ತು. ಹೊಡೆ ತುಂಬಿದ ಗದ್ದೆ ಅಂದರೆ ಬಸುರಿ ಭೂಮ್ತಾಯಿ. ಅವಳಿಗೆ ಬಯಕೆ ಊಟ ಹೊತ್ತೊಯ್ಯಲು ನಮ್ಮ ದೀವರ (ಮಲೆನಾಡಿನ ಒಂದು ರೈತ ಸಮುದಾಯ) ಮನೆಗಳಲ್ಲಿ ಭೂಮಣ್ಣಿ ಬುಟ್ಟಿ ಬರೆಯುತ್ತಾರೆ. ಬಿದಿರು ಬುಟ್ಟಿಗೆ ಸಗಣಿ ಬಳಿದು, ಒಣಗಿದ ಮೇಲೆ ಕೆಮ್ಮಣ್ಣು ಹಚ್ಚಿ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಚಿತ್ತಾರ. ಕುಂಚ ಪುಂಡಿ ಗಿಡದ ನಾರಿನದು. ಅವ್ವನ ಗೆರೆ ಕೂದಲೆಳೆಯಷ್ಟು ಸಣ್ಣ. ಆ ಬುಟ್ಟಿಯನ್ನು ಮಕ್ಕಳ ಕೈಗೆ ಕೊಡುವ ಪೈಕಿ ಅಲ್ಲ ಅವಳು.

ಅದಕ್ಕೇ ತೋಟದಿಂದ ಅಡಿಕೆ ಹಾಳೆ, ಅಂದರೆ ಉದುರಿದ ಸೋಗೆಯ ಅಗಲ ಬುಡ, ತಂದೆ. ನೆನೆಸಿ, ಮೇಲೆ ಕಲ್ಲು ಹೇರಿಟ್ಟರೆ ಮಾರನೇ ದಿನಕ್ಕೆ ಚಪ್ಪಟೆ. ಬೇಕಾದಷ್ಟಗಲ ಕತ್ತರಿಸಿಕೊಂಡರಾಯಿತು. ಮನೆ ಹಿಂದಿನ ಧರೆಯಿಂದ (ಮಣ್ಣಿನ ದಿಬ್ಬ) ಕೆದಕಿ ತಂದ ಕೆಮ್ಮಣ್ಣನ್ನು ನೀರಲ್ಲಿ ಕದಡಿ, ಹಳೇ ಪಂಚೆಯಲ್ಲಿ ಸೋಸಿದೆವು. ಮೊದಲು ಬುದ್ಧಿಯಿಲ್ಲದೆ ಹಾಳೆಯ ಒಳಮೈಗೆ ಹಚ್ಚಿದೆ. ಆ ನುಣುಪಿಗೆ ಮಣ್ಣು ಹಿಡಿಯಲೇ ಇಲ್ಲ, ಒಣಗುತ್ತಲೇ ಹಕ್ಕಳೆ ಎದ್ದು ಉದುರಿತು. ಎರಡನೇ ಸಲ ಒರಟು ಹೊರಮೈಗೆ, ಮಣ್ಣಿಗೆ ಒಂದು ಚಮಚ ಫೆವಿಕಾಲ್ ಕಲಸಿ ಹಚ್ಚಿದೆ. ಅವ್ವ ಮುಖ ಸಿಂಡರಿಸಿದಳು, ಆದರೆ ನಿಂತಿತು.

ಬಿಳಿಗೆ ರಾತ್ರಿ ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ನೀರುದೋಸೆ ಹಿಟ್ಟಿನ ಹದಕ್ಕೆ ತಂದುಕೊಳ್ಳಿ. ತರಿ ಉಳಿದರೆ ಗೆರೆ ಹರಿಯಲ್ಲ. ಮಗನಿಗೆ ಪುಂಡಿನಾರು, ಅಣ್ಣನ ನಾಲ್ಕು ವರ್ಷದ ಮಗಳಿಗೆ ಕಡ್ಡಿ ತುದಿಗೆ ಸುತ್ತಿದ ಹತ್ತಿ. ಅವಳು ಎರಡು ನಿಮಿಷದಲ್ಲಿ ಅದನ್ನೆಸೆದು ಬೆರಳಿಗೇ ಇಳಿದಳು.

ಇವನು ಬರೆದಿದ್ದು ಭತ್ತದ ತೆನೆ: ಒಂದು ಬಗ್ಗಿದ ಗೆರೆ, ಎರಡೂ ಬದಿಗೆ ಚುಕ್ಕಿ. ಹಸಿ ಅಕ್ಕಿಹಿಟ್ಟು ಕೆಮ್ಮಣ್ಣಿನ ಮೇಲೆ ಕಾಣುವುದೇ ಇಲ್ಲ, ನೀರು ಚೆಲ್ಲಿದ ಹಾಗೆ ಬರೀ ಮಂಕು ಕಲೆ. "ಅಜ್ಜೀ, ಬಿಳಿ ಬರ್ತಾನೇ ಇಲ್ಲ" ಅಂತ ಅದರ ಮೇಲೇ ಮತ್ತೆ ಮತ್ತೆ ತೀಡಿದ.

"ತಡ್ಕಳ ಮಾರಾಯ, ಒಣಗ್ಲಿ."

ಜಗುಲಿ ಬಿಸಿಲಿಗಿಟ್ಟು ಕೂತೆವು. ಮೊದಲು ಅಂಚಿನ ಚುಕ್ಕಿಗಳು, ಆಮೇಲೆ ನಡುವಿನ ಗೆರೆ, ಒಂದೊಂದೇ ಬೆಳ್ಳಗೆ ಎದ್ದವು. ತೀಡಿದ್ದ ಕಡೆ ಮಾತ್ರ ತೆನೆ ಹೋಗಿ ಹಲಸಿನಕಾಯಿ ಆಗಿತ್ತು. ಇಬ್ಬರೂ ಊಟಕ್ಕೆ ಕರೆದರೂ ಏಳಲಿಲ್ಲ.

ಹಳದಿಗೆ ಅವ್ವನ ಕಾಲದಲ್ಲಿ ಗುರಿಗೆ ಕಾಯಿ; ನಾವು ಅಡುಗೆಮನೆ ಅರಿಶಿನಕ್ಕೇ ಕೈ ಹಾಕಿದೆವು. ಅಂಗಿ ಹಳೇದು ಹಾಕಿ, ಅಷ್ಟೇ ಹೇಳೋದು. ಮತ್ತೆ ಒಣಗಿದ ಹಾಳೆ ಕೋಳಿಗೆ ಎಟುಕುವ ಹಾಗೆ ಇಡಬೇಡಿ. ಸೊಸೆ ಬೆರಳಲ್ಲಿ ಬರೆದ ಎತ್ತಿನ ಒಂದು ಕೊಂಬನ್ನು ಅದು ಕುಕ್ಕಿ ತಿಂದಿತು.

ರಜೆ ಮುಗಿದು ಮಗ ಹಾಳೆಯನ್ನೇ ಹೋಂವರ್ಕ್ ಅಂತ ಒಯ್ದ. ಸಂಜೆ ಬ್ಯಾಗ್ ತೆಗೆದರೆ ಅರ್ಧ ತೆನೆ ಕಾಪಿ ಪುಸ್ತಕಕ್ಕೆ ಅಂಟಿತ್ತು. "ಮಿಸ್ ಇದು ಯಾವ ಎಲೆ ಅಂದ್ರು. ಎಲೆ ಅಲ್ಲ, ಹೊಡೆ ಅಂದೆ" ಅಂದ.