ಬ್ರಾನಿಸ್ಲಾವ್ ಇವಾನೊವಿಚ್: ಬಲ ಅಂಚಿಗೆ ಬಂದ ಸೆಂಟರ್ ಬ್ಯಾಕ್

2013ರ ಮೇ 15, ಆಮ್‌ಸ್ಟರ್‌ಡ್ಯಾಮ್. ಯುರೋಪಾ ಲೀಗ್ ಫುಟ್‌ಬಾಲ್ ಫೈನಲ್‌ನಲ್ಲಿ ಇಂಗ್ಲೆಂಡಿನ ಚೆಲ್ಸಿ, ಪೋರ್ಚುಗಲ್‌ನ ಬೆನ್ಫಿಕಾ ತಲಾ ಒಂದು ಗೋಲು ಹೊಡೆದು ನಿಂತಿವೆ. ತೊಂಬತ್ತು ನಿಮಿಷ ಮುಗಿದು ಇಂಜುರಿ ಟೈಮಿನ ಮೂರನೇ ನಿಮಿಷ ಓಡುತ್ತಿದೆ. ಚೆಲ್ಸಿಯ ಹುವಾನ್ ಮಾಟಾ ಮೈದಾನದ ಮೂಲೆಯಿಂದ ಒದ್ದ ಕಾರ್ನರ್ ಗುಂಪಿನ ತಲೆಗಳನ್ನೆಲ್ಲ ದಾಟಿ ಉದ್ದಕ್ಕೆ ಬರುತ್ತದೆ. ಅಲ್ಲಿ ಚೆಲ್ಸಿಯ ಸರ್ಬಿಯನ್ ಡಿಫೆಂಡರ್ ಇವಾನೊವಿಚ್ ಹಿಂದಕ್ಕೆ ಸರಿಯುತ್ತಲೇ ನೆಗೆದು, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಚೆಂಡಿಗೆ ಹಣೆ ಕೊಡುತ್ತಾನೆ. ಚೆಂಡು ಗೋಲ್‌ಕೀಪರ್ ಆರ್ಟುರ್‌ನ ತಲೆಯ ಮೇಲಿಂದ ಕಮಾನಿನ ಹಾಗೆ ಹೋಗಿ ಬಲೆಗೆ ಬೀಳುತ್ತದೆ. 2-1, ಕಪ್ ಚೆಲ್ಸಿಗೆ.

ಆ ಹೆಡರ್ ಎಷ್ಟು ಕಷ್ಟದ್ದು ಎಂಬುದನ್ನು ಬಿಡಿಸಿ ನೋಡಬೇಕು. ಕಾರ್ನರ್‌ನಲ್ಲಿ ಗೋಲು ಹೊಡೆಯುವವರು ಸಾಮಾನ್ಯವಾಗಿ ಮುಂದಕ್ಕೆ ಓಡಿ ಬಂದು ನೆಗೆಯುತ್ತಾರೆ. ಓಟದ ವೇಗವೇ ಚೆಂಡಿಗೆ ಬಲವಾಗುತ್ತದೆ. ಹಿಂದಕ್ಕೆ ಸರಿಯುತ್ತ ನೆಗೆಯುವವನಿಗೆ ಆ ಬಲ ಇಲ್ಲ, ಸೊಂಟ ಮತ್ತು ಕುತ್ತಿಗೆಯಿಂದಲೇ ಎಲ್ಲವೂ ಹುಟ್ಟಬೇಕು. ಹೀಗೆ ನೆಗೆದಾಗ ಎರಡು ತಪ್ಪುಗಳು ಮತ್ತೆ ಮತ್ತೆ ಆಗುತ್ತವೆ. ಒಂದು, ಅವಸರದಲ್ಲಿ ಬೇಗ ನೆಗೆದುಬಿಡುವುದು. ಆಗ ಚೆಂಡು ಬರುವ ಹೊತ್ತಿಗೆ ಮೈ ಇಳಿಯುತ್ತಿರುತ್ತದೆ, ಹಣೆಯ ಬದಲು ನೆತ್ತಿ ತಾಗುತ್ತದೆ. ಇನ್ನೊಂದು, ಬಲ ಸಾಲದು ಎಂದು ಗಲ್ಲ ಎತ್ತಿ ಹೊಡೆಯುವುದು. ಚೆಂಡಿನ ಅಡಿಭಾಗಕ್ಕೆ ಹಣೆ ತಾಗಿ ಅದು ಅಡ್ಡಪಟ್ಟಿಯ ಮೇಲೆ ಹಾರಿಹೋಗುತ್ತದೆ. ಇವಾನೊವಿಚ್ ಎರಡನ್ನೂ ಮಾಡಲಿಲ್ಲ. ಬಲಕ್ಕೆ ಹೋಗದೆ ಎತ್ತರಕ್ಕೆ ಹೋದ. ಅಷ್ಟು ದೂರದಿಂದ ಕೀಪರ್‌ನನ್ನು ದಾಟಿಸಲು ಅದೊಂದೇ ದಾರಿ ಇತ್ತು.

ಆ ರಾತ್ರಿ ಅವನು ಆಡಿದ್ದು ಸೆಂಟರ್ ಬ್ಯಾಕ್ ಆಗಿ, ಅಂದರೆ ಗೋಲಿನ ಮುಂದೆ ನಡುವಿನಲ್ಲಿ ಕಾಯುವ ಡಿಫೆಂಡರ್ ಆಗಿ. ಜಾನ್ ಟೆರಿ ಗಾಯಗೊಂಡು ಹೊರಗಿದ್ದ, ಸೀಸರ್ ಅಸ್ಪಿಲಿಕ್ವೆಟಾ ರೈಟ್ ಬ್ಯಾಕ್ (ಬಲ ಅಂಚಿನ ಡಿಫೆಂಡರ್) ಜಾಗದಲ್ಲಿದ್ದ. ಈ ವಿವರವನ್ನು ಹೇಳಲು ಕಾರಣ ಇದೆ. ಇವಾನೊವಿಚ್‌ನ ಹೆಸರು ಹೇಳಿದರೆ ಹೆಚ್ಚಿನವರಿಗೆ ನೆನಪಾಗುವುದು ರೈಟ್ ಬ್ಯಾಕ್. ನನ್ನ ಪ್ರಕಾರ ಅವನು ಕೊನೆಯವರೆಗೂ ಬಲ ಅಂಚಿನಲ್ಲಿ ನಿಲ್ಲಿಸಿದ ಸೆಂಟರ್ ಬ್ಯಾಕ್ ಆಗಿಯೇ ಇದ್ದ. ಅವನ ಏಳಿಗೆ, ಬೀಳು ಎರಡೂ ಇದರಲ್ಲೇ ಇವೆ.

ಹುಟ್ಟಿದ್ದು 1984ರ ಫೆಬ್ರವರಿ 22ರಂದು, ವೊಯ್ವೊದಿನಾ ಪ್ರಾಂತ್ಯದ ಸ್ರೆಮ್ಸ್ಕಾ ಮಿತ್ರೊವಿತ್ಸಾದಲ್ಲಿ. ಊರಿನ ಸ್ರೆಮ್ ಕ್ಲಬ್, ಆಮೇಲೆ ಬೆಲ್‌ಗ್ರೇಡಿನ ಓಎಫ್‌ಕೆ. ಸರ್ಬಿಯಾದ ದೊಡ್ಡ ಹೆಸರುಗಳೆಲ್ಲ ರೆಡ್ ಸ್ಟಾರ್ ಅಥವಾ ಪಾರ್ಟಿಜಾನ್ ಕ್ಲಬ್ ಮೂಲಕ ಬರುವುದು ವಾಡಿಕೆ. ಇವನು ಆ ಎರಡೂ ಬಾಗಿಲು ತಟ್ಟದೆ 2006ರಲ್ಲಿ ಲೊಕೊಮೊಟಿವ್ ಮಾಸ್ಕೋ ಸೇರಿದ. ಆಗ ಅಲ್ಲಿ ಕೋಚ್ ಆಗಿದ್ದವರು ಸರ್ಬಿಯಾದವರೇ ಆದ ಸ್ಲಾವೊಲ್ಯೂಬ್ ಮುಸ್ಲಿನ್. ಹತ್ತು ವರ್ಷದ ನಂತರ ಈ ಹೆಸರು ಮತ್ತೆ ಬರುತ್ತದೆ. 2007ರಲ್ಲಿ ರಷ್ಯನ್ ಕಪ್ ಗೆದ್ದು, 2008ರ ಜನವರಿಯಲ್ಲಿ ಸುಮಾರು 90 ಲಕ್ಷ ಪೌಂಡ್‌ಗೆ ಚೆಲ್ಸಿಗೆ ಬಂದ.

ಬಂದವನು ಆ ಸೀಸನ್ ಮುಗಿಯುವವರೆಗೆ ಒಂದೇ ಒಂದು ಪಂದ್ಯ ಆಡಲಿಲ್ಲ. ಆಗ ರಷ್ಯನ್ ಲೀಗ್ ಮಾರ್ಚ್‌ನಲ್ಲಿ ಶುರುವಾಗಿ ನವೆಂಬರ್‌ನಲ್ಲಿ ಮುಗಿಯುತ್ತಿತ್ತು. ಜನವರಿಯಲ್ಲಿ ಅಲ್ಲಿಂದ ಬರುವ ಆಟಗಾರ ವಿಶ್ರಾಂತಿಯ ಮೈಯಲ್ಲಿ ಬರುತ್ತಾನೆ, ಇಂಗ್ಲೆಂಡಿನಲ್ಲಿ ಅದೇ ಹೊತ್ತಿಗೆ ಸೀಸನ್ ಅರ್ಧ ದಾಟಿ ಎಲ್ಲರ ಕಾಲು ಪೂರ್ತಿ ವೇಗದಲ್ಲಿರುತ್ತದೆ. ರಷ್ಯಾದಿಂದ ಜನವರಿಯಲ್ಲಿ ಕೊಂಡ ಡಿಫೆಂಡರ್‌ನನ್ನು ಮೊದಲ ಮೂರು ತಿಂಗಳಲ್ಲಿ ಅಳೆಯಬಾರದು ಎಂಬುದಕ್ಕೆ ಇವನೂ, ಎರಡು ವರ್ಷ ಮೊದಲು ಸ್ಪಾರ್ಟಾಕ್ ಮಾಸ್ಕೋದಿಂದ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದ ನೆಮಾನ್ಯಾ ವಿಡಿಚ್ ಕೂಡ ಸಾಕ್ಷಿ.

ಎಲ್ಲರೂ ತಿರುಗಿ ನೋಡಿದ್ದು 2009ರ ಏಪ್ರಿಲ್ 8ರಂದು, ಲಿವರ್‌ಪೂಲ್‌ನ ಮೈದಾನ ಆನ್‌ಫೀಲ್ಡ್‌ನಲ್ಲಿ. ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್‌ನ ಮೊದಲ ಪಂದ್ಯ. ರೈಟ್ ಬ್ಯಾಕ್ ಬೊಸಿಂಗ್ವಾ ಇಲ್ಲದ ಕಾರಣ ಹಂಗಾಮಿ ಕೋಚ್ ಹಿಡ್ಡಿಂಕ್ ಇವನನ್ನು ಬಲ ಅಂಚಿಗೆ ಹಾಕಿದ್ದರು. ಟೋರೆಸ್ ಆರನೇ ನಿಮಿಷಕ್ಕೇ ಲಿವರ್‌ಪೂಲ್‌ಗೆ ಮುನ್ನಡೆ ಕೊಟ್ಟ. ಆಮೇಲೆ ಇವಾನೊವಿಚ್ ಎರಡು ಕಾರ್ನರ್, ಎರಡು ಹೆಡರ್. ಚೆಲ್ಸಿ 3-1. ಲಿವರ್‌ಪೂಲ್ ಆಗ ಕಾರ್ನರ್‌ಗಳನ್ನು ಜೋನಲ್ ಪದ್ಧತಿಯಲ್ಲಿ ಕಾಯುತ್ತಿತ್ತು. ಅಂದರೆ ಆಟಗಾರನನ್ನು ಹಿಂಬಾಲಿಸುವ ಬದಲು ಪ್ರತಿಯೊಬ್ಬ ಡಿಫೆಂಡರ್ ಒಂದು ಜಾಗ ಕಾಯುವುದು. ಈ ಪದ್ಧತಿಯ ದುರ್ಬಲ ಜಾಗ ಒಂದೇ: ಕಾಯುವವನು ನಿಂತಲ್ಲಿಂದ ನೆಗೆಯಬೇಕು, ಬರುವವನು ಓಡಿ ಬಂದು ನೆಗೆಯುತ್ತಾನೆ. ಹೀಗೆ ಓಡಿ ಬರುವವರಿಗಾಗಿ ಕೆಲವು ಆಟಗಾರರನ್ನು ಅಡ್ಡ ನಿಲ್ಲಿಸಿರುತ್ತಾರೆ. ಅವರು ಎತ್ತರದಲ್ಲಿ ಕಡಿಮೆ ಇದ್ದರೆ, ಅಥವಾ ಮೊದಲೆರಡು ಹೆಜ್ಜೆಯಲ್ಲೇ ಅವನನ್ನು ತಡೆಯದಿದ್ದರೆ ಕೆಲಸ ಕೆಟ್ಟಂತೆ. ಚೆಲ್ಸಿಯ ಉಳಿದ ದೈತ್ಯರಾದ ಟೆರಿ, ಅಲೆಕ್ಸ್, ಡ್ರೋಗ್ಬಾ ಕಡೆಗೇ ಎಲ್ಲರ ಕಣ್ಣಿದ್ದರೆ, ರೈಟ್ ಬ್ಯಾಕ್ ಪಾಲಿಗೆ ಸಿಗುವ ಕಾವಲು ಹಗುರದ್ದೇ. ಆ ರೈಟ್ ಬ್ಯಾಕ್ ನಿಜಕ್ಕೂ ಸೆಂಟರ್ ಬ್ಯಾಕ್ ಆಗಿದ್ದರೆ? ಎದುರಾಳಿಯ ಲೆಕ್ಕದಲ್ಲಿ ಒಬ್ಬ ತಲೆ ಹೆಚ್ಚಾಗುತ್ತದೆ.

ಆನ್ಚೆಲೊಟ್ಟಿ ಕೋಚ್ ಆಗಿ ಬಂದ 2009-10ರಲ್ಲಿ ಬೊಸಿಂಗ್ವಾ ಮತ್ತೆ ಗಾಯಗೊಂಡಾಗ ಜಾಗ ಖಾಯಂ ಆಯಿತು. ಆ ವರ್ಷ ಚೆಲ್ಸಿ ಲೀಗ್‌ನಲ್ಲಿ 103 ಗೋಲು ಹೊಡೆದು ಲೀಗ್, ಎಫ್‌ಎ ಕಪ್ ಎರಡನ್ನೂ ಗೆದ್ದಿತು, ಇವಾನೊವಿಚ್ ಆಟಗಾರರ ಸಂಘದ ವರ್ಷದ ತಂಡಕ್ಕೆ ಆಯ್ಕೆಯಾದ.

ಸೆಂಟರ್ ಬ್ಯಾಕ್ ಒಬ್ಬನನ್ನು ಅಂಚಿಗೆ ಹಾಕಿದರೆ ಸಿಗುವ ಲಾಭ ಏನು? ಎದುರಾಳಿ ತನ್ನ ಬಲಗಡೆಯಿಂದ ಗೋಲಿನ ಮುಂದಕ್ಕೆ ಕ್ರಾಸ್ ಕಳಿಸಿದರೆ ಚೆಂಡು ಬಂದು ಬೀಳುವುದು ನಮ್ಮ ರೈಟ್ ಬ್ಯಾಕ್ ಕಾಯುವ ಫಾರ್ ಪೋಸ್ಟ್‌ನಲ್ಲಿ, ಅಂದರೆ ಆಚೆ ಬದಿಯ ಗೋಲುಕಂಬದ ಬಳಿ. ಗಿಡ್ಡ ರೈಟ್ ಬ್ಯಾಕ್ ಇದ್ದಾನೆಂದರೆ ಎತ್ತರದ ಸ್ಟ್ರೈಕರ್ ಬೇಕೆಂದೇ ಅಲ್ಲಿಗೆ ಸರಿದು ನಿಲ್ಲುತ್ತಾನೆ. ಇವಾನೊವಿಚ್ ಇದ್ದಾಗ ಅಲ್ಲಿ ನಿಂತು ಪ್ರಯೋಜನವಿರಲಿಲ್ಲ. ಇನ್ನು ಎಡಗಡೆ ಆಶ್ಲಿ ಕೋಲ್ ಮೇಲೇರಿದಾಗ ಇವನು ಒಳಕ್ಕೆ ಸರಿದರೆ ಹಿಂದೆ ಮೂವರು ಸೆಂಟರ್ ಬ್ಯಾಕ್ ನಿಂತಂತೆ. ಪಂದ್ಯದ ನಡುವೆ ಯಾರಾದರೂ ಹೊರಗೆ ಹೋದರೂ ಬದಲಿ ಸೆಂಟರ್ ಬ್ಯಾಕ್ ಇಲ್ಲದೆ ಸಾಲು ಕಟ್ಟಬಹುದು. 2012ರ ಏಪ್ರಿಲ್ 24ರಂದು ಬಾರ್ಸಿಲೋನಾ ವಿರುದ್ಧ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಆಡಿದ ರಾತ್ರಿ ಇದಕ್ಕೆ ಉದಾಹರಣೆ. ಕೇಹಿಲ್ ಗಾಯಗೊಂಡು ಹೋದ, ಟೆರಿಗೆ ಕೆಂಪು ಕಾರ್ಡ್. ಇವಾನೊವಿಚ್, ಬೊಸಿಂಗ್ವಾ ಎಂಬ ಇಬ್ಬರು ರೈಟ್ ಬ್ಯಾಕ್‌ಗಳೇ ಮಧ್ಯಕ್ಕೆ ಬಂದು ಹತ್ತೇ ಜನರಲ್ಲಿ 2-2 ಉಳಿಸಿಕೊಂಡರು. ಅದೇ ಪಂದ್ಯದ ಹಳದಿ ಕಾರ್ಡ್ ಅವನಿಗೆ ಮ್ಯೂನಿಕ್ ಫೈನಲ್ ತಪ್ಪಿಸಿತು. ಆ ವರ್ಷ ಫೈನಲ್‌ಗೆ ದಾರಿ ತೆರೆದವರಲ್ಲಿ ಅವನೂ ಒಬ್ಬ: ಪ್ರೀ ಕ್ವಾರ್ಟರ್‌ನಲ್ಲಿ ನಪೋಲಿ ವಿರುದ್ಧ ಮೊದಲ ಪಂದ್ಯ 3-1ರಿಂದ ಸೋತಿದ್ದ ಚೆಲ್ಸಿ, ಎರಡನೆಯದನ್ನು 4-1ರಿಂದ ಗೆದ್ದದ್ದು ಹೆಚ್ಚುವರಿ ಸಮಯದಲ್ಲಿ ಇವನು ಹೊಡೆದ ಗೋಲಿನಿಂದ. ಡ್ರೋಗ್ಬಾ ಬಲಗಡೆಯಿಂದ ಹಿಂದಕ್ಕೆ ಎಳೆದುಕೊಟ್ಟ ಚೆಂಡು, ಪೆನಾಲ್ಟಿ ಬಾಕ್ಸಿನ ನಡುವೆ ರೈಟ್ ಬ್ಯಾಕ್! ಹುಟ್ಟಾ ಅಂಚಿನ ಆಟಗಾರನಾಗಿದ್ದರೆ ಆ ಹೊತ್ತಿಗೆ ಗೆರೆಯ ಪಕ್ಕದಲ್ಲಿರುತ್ತಿದ್ದ.

2013ರ ಏಪ್ರಿಲ್‌ನಲ್ಲಿ ಲಿವರ್‌ಪೂಲ್‌ನ ಸ್ವಾರೆಸ್ ಅವನ ತೋಳು ಕಚ್ಚಿ ಹತ್ತು ಪಂದ್ಯಗಳ ನಿಷೇಧಕ್ಕೆ ಒಳಗಾದ ಪ್ರಕರಣವೇ ಅನೇಕರಿಗೆ ಇವನ ಗುರುತಾಗಿ ಉಳಿದಿದೆ. ಅದು ಬೇಸರದ ಸಂಗತಿ. ಅದರ ಮುಂದಿನ ತಿಂಗಳೇ ಆಮ್‌ಸ್ಟರ್‌ಡ್ಯಾಮ್ ಗೋಲು ಬಂತು.

ಇನ್ನು ಬೆಲೆ ತೆತ್ತ ಕಡೆ. ಅಂಚಿನಲ್ಲಿ ಆಡುವ ಡಿಫೆಂಡರ್ ವಿಂಗರ್‌ಗೆ (ಅಂಚಿನಿಂದ ದಾಳಿ ಮಾಡುವ ಎದುರಾಳಿಗೆ) ಎದೆಯೊಡ್ಡಿ ನಿಲ್ಲಬಾರದು. ಮೈಯನ್ನು ಓರೆಯಾಗಿಟ್ಟು, ಒಂದೂವರೆ ಮೀಟರ್‌ನಷ್ಟು ಅಂತರ ಬಿಟ್ಟು, ಯಾವ ಕಡೆಗೆ ಓಡಿಸಬೇಕೆಂದು ತಾನೇ ತೀರ್ಮಾನಿಸಬೇಕು. ಸೆಂಟರ್ ಬ್ಯಾಕ್‌ನ ಅಭ್ಯಾಸ ಬೇರೆ, ಅವನಿಗೆ ಮೈ ತಾಗಬೇಕು. ಇವಾನೊವಿಚ್ ಎದುರಾಳಿಗೆ ಬೆನ್ನ ಹಿಂದಿನಿಂದ ಅಂಟಿಕೊಂಡರೆ ಮುಗಿಯಿತು, ತಿರುಗಲು ಬಿಡುತ್ತಿರಲಿಲ್ಲ. ಆದರೆ ವಿಂಗರ್ ಗೆರೆಯ ಮೇಲೆ ಅಗಲವಾಗಿ ನಿಂತು, ಚೆಂಡು ಕಾಲಿಗೆ ತೆಗೆದುಕೊಂಡು, ಎದುರಿಗೇ ಓಡಿ ಬಂದರೆ ಆ ಸಂಪರ್ಕ ಸಿಗುವುದಿಲ್ಲ. ತಿರುಗಿ ಓಡಬೇಕಾಗುತ್ತದೆ. ಆ ಭಾರದ ಮೈಗೆ ಮೊದಲ ಮೂರು ಹೆಜ್ಜೆ ದುಬಾರಿ.

2014-15ರಲ್ಲಿ ಕೋಚ್ ಮೊರಿನ್ಯೊ ತಂಡ ಈ ದೋಷವನ್ನು ಮುಚ್ಚಿತ್ತು. ಬಲಗಡೆ ವಿಲಿಯನ್ ಒಳಕ್ಕೆ ಸರಿದು ಆಡುತ್ತಿದ್ದರಿಂದ ಇವಾನೊವಿಚ್‌ಗೆ ಇಡೀ ಅಂಚು ಸಿಗುತ್ತಿತ್ತು, ಅವನು ಬಿಟ್ಟು ಹೋದ ಜಾಗಕ್ಕೆ ಮಧ್ಯಸಾಲಿನ ಮಾಟಿಚ್ ಬರುತ್ತಿದ್ದ. ಲಿವರ್‌ಪೂಲ್ ವಿರುದ್ಧದ ಲೀಗ್ ಕಪ್ ಸೆಮಿಫೈನಲ್‌ನ ಎರಡನೇ ಪಂದ್ಯದ ಏಕೈಕ ಗೋಲೂ ಹೆಚ್ಚುವರಿ ಸಮಯದಲ್ಲಿ ವಿಲಿಯನ್‌ನ ಫ್ರೀ ಕಿಕ್‌ಗೆ ಇವನ ಹೆಡರ್. ಲೀಗ್ ಗೆದ್ದರು, ಮತ್ತೆ ವರ್ಷದ ತಂಡದಲ್ಲಿ ಹೆಸರು. 2015ರ ಆಗಸ್ಟ್‌ನಲ್ಲಿ ಹೊಸ ಸೀಸನ್‌ನ ಮೊದಲ ಪಂದ್ಯದಲ್ಲೇ ಸ್ವಾನ್ಸಿಯ ಜೆಫರ್ಸನ್ ಮೊಂಟೆರೊ ಗೆರೆಗೆ ಅಂಟಿ ನಿಂತು ಅವನನ್ನು ಪದೇ ಪದೇ ದಾಟಿದ. ಅಲ್ಲಿಂದ ಪ್ರತಿ ತಂಡವೂ ತನ್ನ ಅತಿ ವೇಗದ ವಿಂಗರ್‌ನನ್ನು ಅದೇ ಅಂಚಿಗೆ ಕಳಿಸತೊಡಗಿತು. ವಯಸ್ಸು 31 ಆಗಿತ್ತು ಎಂಬುದು ಅರ್ಧ ಕಾರಣ ಮಾತ್ರ. ಮಧ್ಯಸಾಲಿನ ಕಾಲುಗಳೂ ಸೋತಿದ್ದವು, ಖಾಲಿ ಜಾಗ ತುಂಬುವವರು ತಡವಾಗಿ ಬರುತ್ತಿದ್ದರು. ಟೀಕೆ ಎಲ್ಲವೂ ಅವನೊಬ್ಬನ ತಲೆಗೆ ಬಿದ್ದದ್ದು ನ್ಯಾಯವಲ್ಲ.

2016ರ ಸೆಪ್ಟೆಂಬರ್‌ನಲ್ಲಿ ಆರ್ಸೆನಲ್‌ಗೆ 3-0 ಸೋತ ಮೇಲೆ ಹೊಸ ಕೋಚ್ ಕೊಂಟೆ ಹಿಂದೆ ಮೂವರ ಸಾಲು ಕಟ್ಟಿದರು. ಕೇಳಿದರೆ ಇವಾನೊವಿಚ್‌ಗೇ ಹೇಳಿ ಮಾಡಿಸಿದ ಪದ್ಧತಿ. ಆದರೆ ಆ ಮೂವರಲ್ಲಿ ಬಲಗಡೆಯವನು ಗೆರೆಯವರೆಗೆ ಓಡಿ ಮುಚ್ಚಬೇಕು, ಚೆಂಡನ್ನು ಹಿಂದಿನಿಂದಲೇ ಕಟ್ಟಬೇಕು. ಅದಕ್ಕೆ ಅಸ್ಪಿಲಿಕ್ವೆಟಾ ಬಂದ, ಅವನ ಹೊರಗಡೆ ಮೋಸೆಸ್. ತಂಡ ಲೀಗ್‌ನಲ್ಲಿ ಸತತ 13 ಪಂದ್ಯ ಗೆದ್ದಿತು. 2017ರ ಜನವರಿ 28ರಂದು ಎಫ್‌ಎ ಕಪ್‌ನಲ್ಲಿ ಬ್ರೆಂಟ್‌ಫರ್ಡ್ ವಿರುದ್ಧ ಬದಲಿಯಾಗಿ ಇಳಿದು ಗೋಲು ಹೊಡೆದದ್ದೇ ಚೆಲ್ಸಿಯಲ್ಲಿ ಅವನ ಕೊನೆಯ ಆಟ. ಒಟ್ಟು 377 ಪಂದ್ಯ, 34 ಗೋಲು. ಅಲ್ಲಿಂದ ಜೆನಿತ್‌ಗೆ ಹೋಗಿ 2019, 2020ರಲ್ಲಿ ರಷ್ಯನ್ ಲೀಗ್ ಗೆದ್ದ. 2020-21ರಲ್ಲಿ ವೆಸ್ಟ್ ಬ್ರಾಮ್‌ವಿಚ್‌ಗಾಗಿ ಲೀಗ್‌ನಲ್ಲಿ 13 ಪಂದ್ಯ ಆಡಿದ, ಆ ತಂಡ ಕೆಳಗಿನ ವಿಭಾಗಕ್ಕೆ ಇಳಿಯಿತು.

ಸರ್ಬಿಯಾ ತಂಡದಲ್ಲೂ ಇದೇ ಕಥೆ. 2010ರ ವಿಶ್ವಕಪ್‌ನಲ್ಲಿ ಜರ್ಮನಿಯನ್ನು 1-0ರಿಂದ ಸೋಲಿಸಿದಾಗ ರೈಟ್ ಬ್ಯಾಕ್. 2018ರ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ, ಲೊಕೊಮೊಟಿವ್‌ನ ಅದೇ ಮುಸ್ಲಿನ್ ಕೋಚ್ ಆಗಿ ಬಂದು ಹಿಂದೆ ಮೂವರನ್ನು ನಿಲ್ಲಿಸಿದರು, ಅಂಚನ್ನು ರುಕಾವಿನಾಗೆ ಕೊಟ್ಟು ಇವನನ್ನು ಒಳಗಿಟ್ಟರು. ಸರ್ಬಿಯಾ ಗುಂಪಿನಲ್ಲಿ ಮೊದಲ ಸ್ಥಾನ ಪಡೆಯಿತು. ಮುಸ್ಲಿನ್ ಹೋದರು, ಕ್ರ್‌ಸ್ತಾಯಿಚ್ ಬಂದು ನಾಲ್ವರ ಸಾಲಿಗೆ ಮರಳಿದರು. 34ರ ಇವಾನೊವಿಚ್ ರಷ್ಯಾದ ವಿಶ್ವಕಪ್‌ನಲ್ಲಿ ಮತ್ತೆ ಬಲ ಅಂಚಿನಲ್ಲಿ ನಿಂತ. ಕೋಸ್ಟರಿಕಾ ವಿರುದ್ಧ 104ನೇ ಪಂದ್ಯ ಆಡಿ ಸ್ಟಾಂಕೊವಿಚ್‌ನ ದಾಖಲೆ ದಾಟಿದ. ಸ್ವಿಟ್ಜರ್ಲೆಂಡ್‌ಗೆ 2-1ರಿಂದ ಸೋತ ಪಂದ್ಯ 105ನೆಯದು. ಬ್ರೆಜಿಲ್ ವಿರುದ್ಧ ರೈಟ್ ಬ್ಯಾಕ್ ಆಗಿ ಇಳಿದವನು ರುಕಾವಿನಾ. ಇವಾನೊವಿಚ್ ಬೆಂಚಿನ ಮೇಲಿದ್ದ, ಮತ್ತೆ ದೇಶಕ್ಕಾಗಿ ಆಡಲಿಲ್ಲ.