ಬಿಎಫ್‌ಸಿ ಪಂದ್ಯಪಟ್ಟಿ ಕೈಗೆ ಬಂದಾಗ: ಮೈಸೂರು–ಮಂಡ್ಯದವರು ಹಾಕಬೇಕಾದ ಲೆಕ್ಕ

ಹೊಸ ಋತುವಿನ ಪಂದ್ಯಪಟ್ಟಿ ಹೊರಬಿದ್ದ ಅರ್ಧ ಗಂಟೆಯೊಳಗೆ ನಮ್ಮ ಕಡೆಯ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಫುಟ್‌ಬಾಲ್ ತಂಡದ ಅಭಿಮಾನಿಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ ಓಡಾಡುತ್ತದೆ: "ಬ್ಲಾಸ್ಟರ್ಸ್ ಮ್ಯಾಚ್ ಯಾವಾಗ್ ಗುರು?" ಕೇರಳ ಬ್ಲಾಸ್ಟರ್ಸ್ ಜೊತೆಗಿನ ಪಂದ್ಯದ ಈ ಪ್ರಶ್ನೆಯ ಹಿಂದೆಯೇ ಮೋಹನ್ ಬಗಾನ್ ಯಾವಾಗ, ಗೋವಾ ಯಾವಾಗ ಅಂತ ಬರುತ್ತದೆ. ಬೆಂಗಳೂರಿನ ಒಳಗೇ ಇರುವವರಿಗೆ ಈ ಕ್ರಮ ಸರಿ. ಮೈಸೂರಿನಿಂದ ಸುಮಾರು 140, ಮಂಡ್ಯದಿಂದ ಸುಮಾರು 100 ಕಿಲೋಮೀಟರ್ ದಾಟಿ ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಹೋಗುವವರು ಮಾತ್ರ ಎದುರಾಳಿಯ ಹೆಸರನ್ನು ಕೊನೆಗೆ ನೋಡಬೇಕು. ಮೊದಲು ಪಂದ್ಯ ಶುರುವಾಗುವ ಸಮಯ, ಆಮೇಲೆ ವಾರ, ಆಮೇಲೆ ಹಿಂದಿನ ಪಂದ್ಯಕ್ಕೂ ಇದಕ್ಕೂ ಎಷ್ಟು ದಿನದ ಅಂತರ ಅನ್ನುವುದು. ಈ ಮೂರನ್ನು ನೋಡದೆ ಹೆಸರು ನೋಡಿ ಟಿಕೆಟ್ ತೆಗೆದವರೇ ಎಪ್ಪತ್ತನೇ ನಿಮಿಷಕ್ಕೆ ಬಸ್ಸಿನ ಚಿಂತೆಯಲ್ಲಿ ಎದ್ದು ಹೊರಡುವುದು.

ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಪಂದ್ಯಗಳು ಸಾಮಾನ್ಯವಾಗಿ ಸಂಜೆ 5 ಅಥವಾ 7:30ಕ್ಕೆ ಶುರು. ನಡುವೆ ಇರುವುದು ಎರಡೂವರೆ ಗಂಟೆ ಅಷ್ಟೇ ಅನ್ನಿಸಿದರೂ ನಮ್ಮ ಪಾಲಿಗೆ ಅದೇ ಇಡೀ ವ್ಯತ್ಯಾಸ. 7:30ರ ಪಂದ್ಯ ಪೋಲಾದ ಸಮಯಕ್ಕೆ ಕೊಡುವ ನಿಮಿಷಗಳೂ ಸೇರಿ ಮುಗಿಯುವಾಗ 9:20 ದಾಟಿರುತ್ತದೆ. ಗ್ಯಾಲರಿ ಇಳಿದು ಗೇಟಿನಿಂದ ಹೊರಬರಲು ಕಾಲು ಗಂಟೆ, ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣದ ತನಕ ನಡಿಗೆ ಇನ್ನೊಂದು ಇಪ್ಪತ್ತು ನಿಮಿಷ. ನೇರಳೆ ಮಾರ್ಗದ ರೈಲು ಹಿಡಿದು ಮೈಸೂರು ರಸ್ತೆ ಕಡೆ ಇಳಿದು ಸ್ಯಾಟಲೈಟ್ ಬಸ್ ನಿಲ್ದಾಣಕ್ಕೆ ಬರುವಷ್ಟರಲ್ಲಿ 10:30. ಎಲ್ಲವೂ ಸರಿಯಾಗಿ ಕೂಡಿಬಂದರೂ ಮೈಸೂರು ತಲುಪುವುದು ಒಂದು ಗಂಟೆ ದಾಟಿದ ಮೇಲೆ. 5 ಗಂಟೆಯ ಪಂದ್ಯವಾದರೆ 7ಕ್ಕೆಲ್ಲ ರಸ್ತೆಯಲ್ಲಿರುತ್ತೀರಿ, 11ರೊಳಗೆ ಮನೆ. ಮಕ್ಕಳನ್ನೋ ಅಪ್ಪ-ಅಮ್ಮನನ್ನೋ ಮೊದಲ ಸಲ ಕರೆದುಕೊಂಡು ಹೋಗುವುದಿದ್ದರೆ 5ರ ಪಂದ್ಯ ಬಿಟ್ಟು ಬೇರೆ ಯೋಚನೆಯೇ ಬೇಡ.

ಪಂದ್ಯ ಸೋತವರು ಹೊರಬೀಳುವ ನಾಕೌಟ್ ಆಗಿದ್ದರೆ ಈ ಲೆಕ್ಕಕ್ಕೆ ಇನ್ನೂ ಮುಕ್ಕಾಲು ಗಂಟೆ ಸೇರಿಸಿ. ಸಮಬಲವಾದರೆ ಆಡಿಸುವ ಹೆಚ್ಚುವರಿ ಅವಧಿಯೇ 30 ನಿಮಿಷ, ಅದರ ಮೇಲೆ ಪೆನಾಲ್ಟಿ. ಮೆಟ್ರೋ ಕೊನೆಯ ರೈಲುಗಳು ರಾತ್ರಿ 11ರ ಆಸುಪಾಸಿನವು, ಹಾಗಾಗಿ ಅಂಥ ದಿನ ಅದನ್ನು ನಂಬಿಕೊಂಡು ಹೋಗುವ ಹಾಗಿಲ್ಲ. ಕಾರಿನಲ್ಲಿ ನಾಲ್ಕು ಜನ ಸೇರಿ ಹೋಗುವುದೇ ಮೇಲು.

ಇನ್ನು ವಾರ. ಶನಿವಾರ, ಭಾನುವಾರ ಎರಡೂ ರಜೆಯೇ, ಆದರೂ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಮೇಲೆ ಎರಡೂ ಒಂದೇ ಅಲ್ಲ. ಶನಿವಾರ ಬೆಳಿಗ್ಗೆ ಜನ ಬೆಂಗಳೂರಿನಿಂದ ಮೈಸೂರಿನ ಕಡೆ ಬರುತ್ತಾರೆ, ಭಾನುವಾರ ಮಧ್ಯಾಹ್ನದ ಮೇಲೆ ಅಷ್ಟೂ ಜನ ವಾಪಸ್ ಹೋಗುತ್ತಾರೆ. ಅಂದರೆ ಶನಿವಾರದ ಪಂದ್ಯಕ್ಕೆ ನೀವು ಜನಜಂಗುಳಿಗೆ ಎದುರಾಗಿ ಹೋಗುತ್ತೀರಿ, ರಸ್ತೆ ಖಾಲಿ. ಭಾನುವಾರದ ಪಂದ್ಯಕ್ಕೆ ಅದೇ ಜಂಗುಳಿಯ ಜೊತೆ ಸೇರಿಕೊಳ್ಳುತ್ತೀರಿ. ಗಣಂಗೂರು ಟೋಲ್ ದಾಟಿದ್ದು ಗೊತ್ತೇ ಆಗದಿದ್ದರೂ ಬಿಡದಿಯ ಹತ್ತಿರದ ಟೋಲ್ ಮತ್ತು ಕೆಂಗೇರಿ–ನಾಯಂಡಹಳ್ಳಿ ಭಾಗದಲ್ಲಿ ಸಿಕ್ಕಿಬೀಳುತ್ತೀರಿ. ಭಾನುವಾರ 7:30ರ ಪಂದ್ಯಕ್ಕೆ ಮೈಸೂರಿನಿಂದ ಕಾರಿನಲ್ಲಿ ಹೊರಡುವವರು ಮಧ್ಯಾಹ್ನ 2:30 ದಾಟಿಸಬಾರದು. ಕಾರನ್ನು ಊರೊಳಗೆ ಒಯ್ಯದೆ ಚಲ್ಲಘಟ್ಟ–ಕೆಂಗೇರಿ ಕಡೆ ಪಾರ್ಕಿಂಗ್ ಇರುವ ಮೆಟ್ರೋ ನಿಲ್ದಾಣದಲ್ಲಿ ಬಿಟ್ಟರೆ ನಾಯಂಡಹಳ್ಳಿಯ ಪೀಡೆ ಹೋಗುವಾಗಲೂ ಇಲ್ಲ, ಬರುವಾಗಲೂ ಇಲ್ಲ. ವಾಪಸ್ ಬರುವುದೂ ನೆಟ್ಟಗೆ ಮೈಸೂರು ದಿಕ್ಕಿಗೇ. ಮಂಗಳವಾರ, ಬುಧವಾರ, ಗುರುವಾರದ 7:30 ಪಂದ್ಯಗಳನ್ನು ಟೀವಿಗೆ ಬಿಟ್ಟುಕೊಡುವುದೇ ಕ್ಷೇಮ, ಮರುದಿನ ರಜೆ ಹಾಕುವಷ್ಟು ದೊಡ್ಡ ಪಂದ್ಯವಾದರೆ ಮಾತು ಬೇರೆ.

ಮಂಡ್ಯದವರಿಗೆ ದೂರ ಕಡಿಮೆ, ತಾಪತ್ರಯ ಜಾಸ್ತಿ. ಹೊಸ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ಬೆಂಗಳೂರು–ಮೈಸೂರು ತಡೆರಹಿತ ಬಸ್ಸುಗಳು ಬೈಪಾಸ್‌ನಲ್ಲೇ ಹೋಗಿಬಿಡುತ್ತವೆ. ಮಂಡ್ಯ, ಮದ್ದೂರು ಊರೊಳಕ್ಕೆ ಬರುವುದಿಲ್ಲ. ರಾತ್ರಿ 10:30ಕ್ಕೆ ಸ್ಯಾಟಲೈಟ್‌ನಲ್ಲಿ ಕಣ್ಣಿಗೆ ಬಿದ್ದ ಮೊದಲ ಬಸ್ಸಿಗೆ ಓಡಿ ಹತ್ತಬೇಡಿ. ಹತ್ತುವ ಮುಂಚೆ ಕಂಡಕ್ಟರನ್ನು "ಮಂಡ್ಯ ಬಸ್‌ಸ್ಟ್ಯಾಂಡ್ ಒಳಗೆ ಹೋಯ್ತದಾ, ಬೈಪಾಸಾ?" ಎಂದು ಕೇಳಿ. ಬೈಪಾಸಿನಲ್ಲಿ ಇಳಿಸಿದರೆ ಆ ಹೊತ್ತಿನಲ್ಲಿ ಆಟೋ ಸಿಗುವುದಿಲ್ಲ, ಕತ್ತಲಲ್ಲಿ ತಡೆಬೇಲಿಯ ಪಕ್ಕ ನಡೆಯಬೇಕು. ಶಕ್ತಿ ಯೋಜನೆಯಲ್ಲಿ ಬರುವ ಹೆಣ್ಣುಮಕ್ಕಳು ಎಕ್ಸ್‌ಪ್ರೆಸ್ ಬಸ್ಸನ್ನೇ ನೋಡಬೇಕು. ರಾಜಹಂಸ, ಐರಾವತಕ್ಕೆ ಅದು ಅನ್ವಯಿಸುವುದಿಲ್ಲ.

ಬೈಕಿನಲ್ಲಿ ಹೋಗುವ ಹುಡುಗರಿಗೆ ಒಂದು ಮಾತು. 2023ರ ಆಗಸ್ಟ್ 1ರಿಂದ ದಶಪಥದ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರಿಗೆ ಪ್ರವೇಶವಿಲ್ಲ. ಸರ್ವೀಸ್ ರಸ್ತೆಯೇ ಗತಿ. ಕಬ್ಬು ಅರೆಯುವ ಕಾಲದಲ್ಲಿ ಆ ರಸ್ತೆಯಲ್ಲಿ ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರುಗಳಿರುತ್ತವೆ, ಜಲ್ಲೆ ಎರಡೂ ಪಕ್ಕಕ್ಕೆ ಚಾಚಿಕೊಂಡಿರುತ್ತದೆ. ಎದುರು ವಾಹನದ ಬೆಳಕು ಕಣ್ಣಿಗೆ ಹೊಡೆದಾಗ ಟ್ರೇಲರ್ ಇರುವುದೇ ಕಾಣುವುದಿಲ್ಲ. 7:30ರ ಪಂದ್ಯ ಮುಗಿಸಿ ಮಧ್ಯರಾತ್ರಿ ಆ ರಸ್ತೆಯಲ್ಲಿ ಬೈಕ್ ಓಡಿಸುವುದು ಬೇಡವೇ ಬೇಡ. ಬೈಕನ್ನು ಮಂಡ್ಯದ ರೈಲು ನಿಲ್ದಾಣದಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ನಿಲ್ಲಿಸಿ ಹೋಗಿ.

ಇಷ್ಟೆಲ್ಲ ಸೋಸಿದ ಮೇಲೆ ಕೈಯಲ್ಲಿ ಎಷ್ಟು ಪಂದ್ಯ ಉಳಿಯುತ್ತದೆ ಅನ್ನುವುದು ಆ ವರ್ಷದ ಲೀಗಿನ ಸ್ವರೂಪದ ಮೇಲೆ ನಿಂತಿದೆ. 2024-25ರಲ್ಲಿ 13 ತಂಡ, ಎರಡು ಸುತ್ತು (ಪ್ರತಿ ಎದುರಾಳಿಯ ಜೊತೆ ತವರಿನಲ್ಲೊಮ್ಮೆ, ಹೊರಗೊಮ್ಮೆ), ತಂಡಕ್ಕೆ 24 ಪಂದ್ಯ, ಅದರಲ್ಲಿ 12 ತವರಿನಲ್ಲಿ. ಲೀಗ್ ನಡೆಸುವ ಹಕ್ಕಿನ ಒಪ್ಪಂದದ ಗೊಂದಲದಿಂದ 2025-26ರ ಋತು 2026ರ ಫೆಬ್ರವರಿ 14ಕ್ಕೆ ಶುರುವಾಯಿತು. 14 ತಂಡ, ಒಂದೇ ಸುತ್ತು, ಒಟ್ಟು 91 ಪಂದ್ಯ, ಅಂದರೆ ತಂಡಕ್ಕೆ 13. ಒಂದೇ ಸುತ್ತಾದರೆ ತವರಿನಲ್ಲಿ ಸಿಗುವುದು ಆರೋ ಏಳೋ, ಬ್ಲಾಸ್ಟರ್ಸ್ ಕಂಠೀರವಕ್ಕೆ ಬರುತ್ತದೆ ಅನ್ನುವ ಖಾತ್ರಿಯೂ ಇರುವುದಿಲ್ಲ. ಪಟ್ಟಿ ಬಂದ ತಕ್ಷಣ ಇದನ್ನೂ ನೋಡಿಕೊಳ್ಳಬೇಕು. ಎರಡು ಸುತ್ತಿದ್ದರೆ ಆರಾಮಾಗಿ ನಾಲ್ಕೈದು ಪಂದ್ಯ ಆರಿಸಿಕೊಳ್ಳಬಹುದು. ಒಂದೇ ಸುತ್ತಿದ್ದರೆ ಶನಿವಾರದ ಪಂದ್ಯ ಯಾವುದಿದ್ದರೂ ಬಿಡಬಾರದು.

ಈಗ ಆಟದ ವಿಷಯ. "ಶುರುವಲ್ಲೇ ಗಟ್ಟಿ ಟೀಮ್‌ಗಳು ಬಂದವೆ, ಕಷ್ಟ" ಎಂದು ಒಬ್ಬರು, "ಶುರುವಲ್ಲೇ ಆಗೋಗ್ಲಿ ಬುಡು" ಎಂದು ಇನ್ನೊಬ್ಬರು. ಈ ಜಗಳ ಪ್ರತಿ ವರ್ಷದ್ದು. ಎರಡನೆಯವರ ಮಾತಿನಲ್ಲಿ ಹುರುಳಿದೆ. 2024-25ರಲ್ಲಿ ಬಿಎಫ್‌ಸಿಗೆ ಮೊದಲ ಮೂರೂ ಪಂದ್ಯ ತವರಿನಲ್ಲೇ ಇದ್ದವು. ಈಸ್ಟ್ ಬೆಂಗಾಲ್ ವಿರುದ್ಧ 1-0, ಹೈದರಾಬಾದ್ ವಿರುದ್ಧ 3-0, ಆಮೇಲೆ ಮೋಹನ್ ಬಗಾನ್ ವಿರುದ್ಧ 3-0. ಒಂದೂ ಗೋಲು ಬಿಟ್ಟುಕೊಡದೆ ಒಂಬತ್ತು ಅಂಕ. ಕೊನೆಗೆ ಲೀಗ್ ಗೆದ್ದ ಮೋಹನ್ ಬಗಾನ್ ತಂಡ ಸೆಪ್ಟೆಂಬರಿನಲ್ಲಿ ಇನ್ನೂ ಹದಕ್ಕೆ ಬಂದಿರಲಿಲ್ಲ. ದೊಡ್ಡ ತಂಡಗಳು ವಿದೇಶಿ ಆಟಗಾರರನ್ನು ತಡವಾಗಿ ಕೂಡಿಸಿಕೊಳ್ಳುತ್ತವೆ, ಹೊಂದಾಣಿಕೆ ಕುದುರಲು ಐದಾರು ಪಂದ್ಯ ಹಿಡಿಯುತ್ತದೆ. ಅಂಥವರು ತವರಿನಲ್ಲಿ, ಬೇಗ ಸಿಕ್ಕರೆ ಲಾಭವೇ. ಹೊರಗೆ, ಫೆಬ್ರವರಿಯಲ್ಲಿ ಸಿಕ್ಕರೆ ಕಷ್ಟ.

ಇದಕ್ಕಿಂತ ಮುಖ್ಯ ಪಂದ್ಯಗಳ ನಡುವಿನ ಅಂತರ. ತೊಂಬತ್ತು ನಿಮಿಷ ಓಡಿದ ಕಾಲಿನ ಸ್ನಾಯು ಪೂರ್ತಿ ಚೇತರಿಸಿಕೊಳ್ಳಲು ಕನಿಷ್ಠ ಮೂರು ದಿನ ಬೇಕು. ಮೂರೇ ದಿನದ ಅಂತರವಿದ್ದು ಗುವಾಹಟಿಯಲ್ಲೋ ಜಮ್ಶೆಡ್‌ಪುರದಲ್ಲೋ ಆಡಿ ಬಂದರೆ ಒಂದು ದಿನ ಪ್ರಯಾಣದಲ್ಲೇ ಹೋಗುತ್ತದೆ, ತಾಲೀಮಿಗೆ ಉಳಿಯುವುದು ಒಂದೇ ದಿನ. ಆದ್ದರಿಂದ ಪಟ್ಟಿಯಲ್ಲಿ ಪ್ರತಿ ಪಂದ್ಯದ ಪಕ್ಕ ಹಿಂದಿನ ಪಂದ್ಯದಿಂದ ಎಷ್ಟು ದಿನ ಎಂದು ಪೆನ್ಸಿಲಿನಲ್ಲಿ ಬರೆಯಿರಿ. ಎದುರಾಳಿಗೂ ಅಷ್ಟೇ ಬರೆಯಿರಿ. ನಮಗೆ ಆರು ದಿನ, ಅವರಿಗೆ ಮೂರೇ ದಿನ, ಅದೂ ದೂರದ ಊರಿಂದ ಬರುತ್ತಿದ್ದಾರೆ ಅಂತಿದ್ದರೆ ಎದುರಾಳಿಯ ಹೆಸರು ಸಣ್ಣದೋ ದೊಡ್ಡದೋ, ಆ ಪಂದ್ಯಕ್ಕೆ ಹೋಗಿ. ಕೊನೆಯ ಇಪ್ಪತ್ತು ನಿಮಿಷ ನೋಡುವಂತಿರುತ್ತದೆ: ಅವರ ವಿಂಗ್ ಬ್ಯಾಕ್‌ಗಳು (ಬದಿಯಲ್ಲಿ ಮುಂದೆ-ಹಿಂದೆ ಓಡಾಡುವ ರಕ್ಷಕರು) ಮುಂದೆ ಹೋದವರು ಹಿಂದಕ್ಕೆ ಬರಲು ತಡವಾಗಿ ಬದಿಯಲ್ಲಿ ಜಾಗ ತೆರೆದುಕೊಳ್ಳುತ್ತದೆ, ನಮ್ಮ ಬದಲಿ ಆಟಗಾರರು ಅಲ್ಲಿಗೇ ನುಗ್ಗುತ್ತಾರೆ. ಹಾಗೆಯೇ ಕೋಲ್ಕತ್ತದ ಎರಡು ಪಂದ್ಯ ಒಂದರ ಹಿಂದೊಂದು ಬಿದ್ದಿದ್ದರೆ ಒಳ್ಳೆಯದು, ಒಂದೇ ಪ್ರಯಾಣದಲ್ಲಿ ಮುಗಿಯುತ್ತದೆ.

ರಾಷ್ಟ್ರೀಯ ತಂಡಗಳ ಪಂದ್ಯಕ್ಕಾಗಿ ಲೀಗ್ ನಿಲ್ಲುವ ಫಿಫಾ ವಿರಾಮಗಳನ್ನೂ ಪಟ್ಟಿಯ ಮೇಲೆ ಗುರುತು ಹಾಕಿಕೊಳ್ಳಿ. 2026ರಿಂದ ಸೆಪ್ಟೆಂಬರ್ ಮತ್ತು ಅಕ್ಟೋಬರಿನ ಎರಡು ವಿರಾಮಗಳನ್ನು ಕೂಡಿಸಿ ಒಂದೇ ಉದ್ದದ ವಿರಾಮ ಮಾಡಿದ್ದಾರೆ. ರಾಷ್ಟ್ರೀಯ ತಂಡಕ್ಕೆ ಹೋದವರು ದಣಿದೋ ಗಾಯಗೊಂಡೋ ಬರುತ್ತಾರೆ, ವಿರಾಮದ ನಂತರದ ಮೊದಲ ಪಂದ್ಯದಲ್ಲಿ ತಂಡ ತಡವರಿಸುವುದು ಸಾಮಾನ್ಯ. ವರ್ಷಕ್ಕೆ ಒಂದೇ ಪಂದ್ಯಕ್ಕೆ ಹೋಗುವವರು ಆ ಪಂದ್ಯವನ್ನು ಆರಿಸಿಕೊಳ್ಳಬೇಡಿ. ಇನ್ನೊಂದು, ದಸರಾ. ವಿಜಯದಶಮಿಯ ಆಸುಪಾಸಿನ ನಾಲ್ಕೈದು ದಿನ ಬೆಂಗಳೂರಿನಿಂದ ಮೈಸೂರಿಗೆ ರಾತ್ರಿ ಬಸ್ಸಿನಲ್ಲಿ ನಿಲ್ಲಲೂ ಜಾಗ ಸಿಗುವುದಿಲ್ಲ. ಸೀಟು ಕಾಯ್ದಿರಿಸದೆ ಹೊರಡಬೇಡಿ.

ಮಾರ್ಚ್ ಕೊನೆ, ಏಪ್ರಿಲ್‌ನ ಪಂದ್ಯಗಳಿಗೆ ಐಪಿಎಲ್ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಲೇಬೇಕು. 2025ರ ಏಪ್ರಿಲ್ 2ರಂದು ಕಂಠೀರವದಲ್ಲಿ ಬಿಎಫ್‌ಸಿ–ಗೋವಾ ಸೆಮಿಫೈನಲ್‌ನ ಮೊದಲ ಪಂದ್ಯ, ಅದೇ ಸಂಜೆ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ–ಗುಜರಾತ್. ಎರಡು ಕ್ರೀಡಾಂಗಣಕ್ಕೂ ಜನ ಇಳಿಯುವುದು ಕಬ್ಬನ್ ಪಾರ್ಕ್ ನಿಲ್ದಾಣದಲ್ಲೇ. ಅಂಥ ದಿನ ವಿಧಾನಸೌಧ ನಿಲ್ದಾಣದಲ್ಲಿ ಇಳಿದು ಕಬ್ಬನ್ ಪಾರ್ಕಿನ ಒಳಗಿಂದ ನಡೆದು ಬನ್ನಿ. ವಾಪಸ್ ಹೋಗುವಾಗಲೂ ಅದೇ ನಿಲ್ದಾಣ. ಬರುವಾಗಲೇ ವಾಪಸ್ ಪ್ರಯಾಣದ ಟಿಕೆಟ್ಟಿಗೂ ವ್ಯವಸ್ಥೆ ಮಾಡಿಕೊಂಡರೆ ರಾತ್ರಿ ಕೌಂಟರಿನ ಸಾಲಿನಲ್ಲಿ ನಿಲ್ಲುವ ಪ್ರಮೇಯವಿಲ್ಲ.

ಬ್ಲಾಸ್ಟರ್ಸ್ ಪಂದ್ಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2023ರ ಮಾರ್ಚ್ 3ರ ಪ್ಲೇಆಫ್‌ನಲ್ಲಿ ಸುನಿಲ್ ಛೆಟ್ರಿ ಹೆಚ್ಚುವರಿ ಅವಧಿಯಲ್ಲಿ ಎದುರಾಳಿ ಆಟಗಾರರು ಅಡ್ಡ ಗೋಡೆಯಾಗಿ ನಿಲ್ಲುವ ಮುಂಚೆಯೇ ಫ್ರೀ ಕಿಕ್ ಹೊಡೆದು ಗೋಲು ಹಾಕಿದ್ದು, ಕೇರಳದವರು ಮೈದಾನ ಬಿಟ್ಟು ನಡೆದಿದ್ದು ಎಲ್ಲರಿಗೂ ನೆನಪಿದೆ. ಆಮೇಲೆ ಈ ಪಂದ್ಯದ ಕಾವು ಇನ್ನೂ ಏರಿದೆ. ಟಿಕೆಟ್ ಮಾರಾಟ ತೆರೆದ ದಿನವೇ ತೆಗೆಯಿರಿ. ಯಾವ ಗ್ಯಾಲರಿ ಎದುರಾಳಿ ಅಭಿಮಾನಿಗಳಿಗೆ ಎಂದು ನೋಡಿಯೇ ಹಣ ಕಟ್ಟಿ, ನೀಲಿ ಅಂಗಿ ತೊಟ್ಟು ಹಳದಿ ಗ್ಯಾಲರಿಯಲ್ಲಿ ಕೂರುವುದು ಹಿತವಲ್ಲ. ಹಾಡು, ಡೋಲು, ತೊಂಬತ್ತು ನಿಮಿಷ ನಿಂತೇ ನೋಡುವುದು ಬೇಕೆನ್ನುವವರಿಗೆ ವೆಸ್ಟ್ ಬ್ಲಾಕ್. ಆಟದ ಆಕಾರ ನೋಡಬೇಕೆನ್ನುವವರು ಮೇಲಿನ ಸಾಲು ಹಿಡಿಯಿರಿ, ಏಕೆಂದರೆ ಮೈದಾನದ ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಕೆಳಗಿನ ಸಾಲಿನಲ್ಲಿ ಆಚೆ ಬದಿಯ ಆಟ ತಿಳಿಯುವುದೇ ಇಲ್ಲ.

ದೊಡ್ಡ ಬ್ಯಾಗು, ಹೆಲ್ಮೆಟ್, ನೀರಿನ ಬಾಟಲಿ, ಛತ್ರಿ ಒಳಗೆ ಬಿಡುವುದಿಲ್ಲ. ರೈಲಿನಲ್ಲಿ ಬಂದವರು ಬ್ಯಾಗನ್ನು ಬೆಂಗಳೂರು ಸಿಟಿ ರೈಲು ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಇಡಬಹುದು, ಆದರೆ ಬೀಗ ಹಾಕಿರಬೇಕು, ರೈಲು ಟಿಕೆಟ್ ತೋರಿಸಬೇಕು. ಸಣ್ಣ ಬೀಗ ಒಂದನ್ನು ಮನೆಯಿಂದಲೇ ತನ್ನಿ. ಎಲ್ಲ ಗ್ಯಾಲರಿಗೂ ಮೇಲ್ಛಾವಣಿ ಇಲ್ಲ, ಅಕ್ಟೋಬರ್ ಮಳೆಗೆ ಮಡಚಿ ಜೇಬಿಗೆ ಹಾಕಿಕೊಳ್ಳುವಂಥ ರೇನ್‌ಕೋಟ್ ಸಾಕು.

ಹೊರಗಿನ ಪಂದ್ಯಗಳಲ್ಲಿ ನಮಗೆ ಸುಲಭ ಚೆನ್ನೈ. ಅಲ್ಲಿನ ಜವಾಹರಲಾಲ್ ನೆಹರು ಕ್ರೀಡಾಂಗಣ ಸೆಂಟ್ರಲ್ ರೈಲು ನಿಲ್ದಾಣಕ್ಕೆ ತೀರಾ ಹತ್ತಿರ. ಮೈಸೂರಿನಿಂದಲೋ ಮಂಡ್ಯದಿಂದಲೋ ರಾತ್ರಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಚೆನ್ನೈ. ವಾಪಸ್ ಕಾವೇರಿ ಹೊರಡುವುದು ರಾತ್ರಿ 9ರ ಆಸುಪಾಸು, ಆದ್ದರಿಂದ 5 ಗಂಟೆಯ ಪಂದ್ಯವಾದರೆ ನೋಡಿ, ಊಟ ಮಾಡಿ, ಅದೇ ರಾತ್ರಿ ಹೊರಡಬಹುದು. 7:30 ಆದರೆ ಆ ರೈಲು ತಪ್ಪಿತು ಅಂತಲೇ ಲೆಕ್ಕ. ರೈಲ್ವೆ ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲು ತೆರೆಯುತ್ತದೆ, ರೈಲು ಹತ್ತುವ ದಿನದಿಂದ ಹಿಂದಕ್ಕೆ ಎಣಿಸಿ ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ.

ಕೊಚ್ಚಿಗೆ ರಸ್ತೆಯಲ್ಲಿ ಹೋಗುವವರಿಗೆ ಪಂದ್ಯದ ಸಮಯಕ್ಕಿಂತ ಬಂಡೀಪುರದ ಗೇಟು ದೊಡ್ಡದು. ಗುಂಡ್ಲುಪೇಟೆ ದಾಟಿ ಸುಲ್ತಾನ್ ಬತ್ತೇರಿ ಕಡೆಗಾಗಲಿ, ಊಟಿ ಕಡೆಗಾಗಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾರುಗಳನ್ನು ಬಿಡುವುದಿಲ್ಲ. ಹೋಗುವಾಗ ಬೆಳಿಗ್ಗೆ 6ಕ್ಕೆ ಗೇಟಿನ ಹತ್ತಿರವಿದ್ದರೆ ಸಂಜೆಯೊಳಗೆ ನೆಮ್ಮದಿಯಾಗಿ ಕೊಚ್ಚಿಯ ಕ್ರೀಡಾಂಗಣವಿರುವ ಕಲೂರು ತಲುಪುತ್ತೀರಿ. ಪಂದ್ಯ ಮುಗಿಸಿ ರಾತ್ರಿಯೇ ಹೊರಟರೆ ಗೇಟಿನ ಮುಂದೆ ಬೆಳಗಿನ ತನಕ ಕಾಯಬೇಕಾದೀತು. ರಾತ್ರಿ ದಾಟಲೇಬೇಕೆಂದರೆ ಕುಟ್ಟ–ಗೋಣಿಕೊಪ್ಪ–ಹುಣಸೂರು ಸುತ್ತು ದಾರಿ ಇದೆ, ದೂರ ಹೆಚ್ಚು, ತಿರುವೂ ಹೆಚ್ಚು. ಓಡಿಸುವವರು ಇಬ್ಬರಿಲ್ಲದಿದ್ದರೆ ಕೊಚ್ಚಿಯಲ್ಲೇ ಮಲಗಿ ಬೆಳಿಗ್ಗೆ ಹೊರಡಿ.

ಪಟ್ಟಿಯಲ್ಲಿ ಇರದ ಪಂದ್ಯಗಳಿಗೂ ಸ್ವಲ್ಪ ಹಣ, ಒಂದೆರಡು ರಜೆ ತೆಗೆದಿಟ್ಟಿರಿ. 2024-25ರಲ್ಲಿ ಲೀಗಿನಲ್ಲಿ ಮೂರನೆಯವರಾಗಿದ್ದರಿಂದ ನಾಕೌಟ್ ಕಂಠೀರವಕ್ಕೇ ಬಂತು. ಮಾರ್ಚ್ 29ರ ಶನಿವಾರ ಮುಂಬೈ ಸಿಟಿ ವಿರುದ್ಧ 5-0, ನಾಲ್ಕೇ ದಿನಕ್ಕೆ ಬುಧವಾರ ಗೋವಾ ವಿರುದ್ಧ 2-0. ನಾಕೌಟ್ ಗೆದ್ದ ರಾತ್ರಿಗೂ ಸೆಮಿಫೈನಲ್‌ಗೂ ನಡುವೆ ಇದ್ದದ್ದು ಮೂರೇ ದಿನ. ಅಷ್ಟರಲ್ಲಿ ಟಿಕೆಟ್, ರಜೆ, ಗಾಡಿ ಎಲ್ಲ ಹೊಂದಿಸಬೇಕು. ಮಾರ್ಚ್ ಬಂದಾಗ ತಂಡ ಮೊದಲ ನಾಲ್ಕರೊಳಗೆ ಇದ್ದರೆ, ನಾಲ್ಕು ಜನರ ಒಂದು ಕಾರು ಮತ್ತು ಓಡಿಸುವವರು ಯಾರು ಅನ್ನುವುದನ್ನು ಲೀಗಿನ ಕೊನೆಯ ಪಂದ್ಯಕ್ಕೆ ಮೊದಲೇ ನಿಕ್ಕಿ ಮಾಡಿಕೊಳ್ಳಿ.